ತೇವ ಅಳೆಯುವ ಪದರ ಉಗ್ರಾಣ ತಲುಪಲಿ

ಕೇಂದ್ರ ಸಂಪುಟ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿದ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮದಡಿ ಸೆನ್ಸರ್ ತಯಾರಿಕಾ ಘಟಕಗಳಿಗೂ ನೆರವಿನ ಅವಕಾಶ ಕಲ್ಪಿಸಲಾಗಿತ್ತು. ಆದರೆ ಚರ್ಚೆಯೆಲ್ಲ ಚಿಪ್‌ಗಳ ಸುತ್ತಲೇ ನಡೆದಿದೆ; ಗಾಳಿಯ ತೇವಾಂಶ ಅಳೆಯುವ ತೆಳುಪದರದ ಸೆನ್ಸರ್‌ಗಳಂಥ ಸಾಧನಗಳು ಮರೆಗೆ ಸರಿದಿವೆ. ಟೈಟಾನಿಯಂ, ತವರ ಅಥವಾ ಸತುವಿನ ಆಕ್ಸೈಡ್‌ನ ರಂಧ್ರಮಯ ಪದರದ ಮೇಲೆ ನೀರಿನ ಅಣುಗಳು ಕುಳಿತಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ತೇವಾಂಶದ ಅಳತೆ. ಇಂಥ ಪದರಗಳನ್ನು ರೂಪಿಸಬಲ್ಲ ನ್ಯಾನೊ ತಯಾರಿಕಾ ಸೌಲಭ್ಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ.

ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ತಿಂಗಳುಗಟ್ಟಲೆ ದೂಳು, ತೇವ ಉಂಡ ಪದರದ ಅಳತೆ ಮೆಲ್ಲನೆ ದಾರಿ ತಪ್ಪುತ್ತದೆ. ತೇವ ಏರುವಾಗ ಒಂದು ಅಂಕಿ, ಇಳಿಯುವಾಗ ಇನ್ನೊಂದು ತೋರಬಹುದು. ಇದರ ಬೆಲೆ ತೆರುವವರು ಶೇಂಗಾ, ಮೆಕ್ಕೆಜೋಳ ಕೂಡಿಟ್ಟ ರೈತರು. ಉಗ್ರಾಣದ ತೇವ ತಿಳಿಯದೆ ಹೋದರೆ ಕಾಳಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುವ ಅಪಾಯವಿದೆ. ಆದ್ದರಿಂದ ಅನುದಾನ ಸಂಶೋಧನಾ ಪ್ರಬಂಧದ ಹೊಸ್ತಿಲಲ್ಲೇ ನಿಲ್ಲಬಾರದು. ಮಳೆಗಾಲವಿಡೀ ಉಗ್ರಾಣದಲ್ಲೇ ನಡೆಯುವ ಪರೀಕ್ಷೆಗೆ, ಅಳತೆಯನ್ನು ತಾಳೆ ನೋಡಿ ಸರಿಪಡಿಸುವ ಜಿಲ್ಲಾ ಕೇಂದ್ರಗಳಿಗೆ ಸರ್ಕಾರ ಪ್ರತ್ಯೇಕ ಹಣ ತೆಗೆದಿಡಬೇಕು. ನಂಬಬಹುದಾದ ಅಳತೆ ರೈತರ ಹಕ್ಕು.