ಎಟೋಷಾ ಖಾಲಿ ನೆಲವಾಗಿರಲಿಲ್ಲ

ನಮೀಬಿಯಾದ ಎಟೋಷಾ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 4,800 ಚದರ ಕಿಲೋಮೀಟರಿನ ಬಿಳಿ ಉಪ್ಪುಬಯಲಿದೆ. ಮಳೆ ನಿಂತ ತಿಂಗಳುಗಳಲ್ಲಿ ಆನೆ, ಜೀಬ್ರಾ, ಸಿಂಹ ಎಲ್ಲವೂ ಅದರ ಅಂಚಿನ ನೀರಗುಂಡಿಗಳಿಗೆ ಬರಲೇಬೇಕು. ಒಕಾಕುಯೊದಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ನೀರು ಕುಡಿಯುವ ಕಪ್ಪು ಘೇಂಡಾಮೃಗವನ್ನು ಕಂಡ ಪ್ರವಾಸಿಗೆ ಇದು ಮನುಷ್ಯ ಮುಟ್ಟದ ನೆಲ ಅನ್ನಿಸುವುದು ಸಹಜ.

ಆದರೆ ಅದು ನಿಜವಲ್ಲ. ಈ ಗುಂಡಿಗಳ ಸುತ್ತ ಹಾಯೋಮ್ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕಿದ್ದರು. ಅವರ ಹೆಸರಿನ ನಡುವೆ, ನಮ್ಮವರು ಎತ್ತು ಹೊಡೆಯುವಾಗ ಲೊಚಗುಟ್ಟುವಂಥ ಸದ್ದೊಂದಿದೆ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. 1907ರಲ್ಲಿ ಜರ್ಮನ್ ವಸಾಹತು ಆಡಳಿತ ಇದನ್ನು ವನ್ಯಜೀವಿಗಳಿಗೆ ಮೀಸಲಿಟ್ಟ ಮೇಲೂ ಅವರು ಅಲ್ಲೇ ಇದ್ದರು. 1954ರಲ್ಲಿ ದಕ್ಷಿಣ ಆಫ್ರಿಕಾದ ಆಡಳಿತ ಅವರನ್ನು ಹೊರಹಾಕಿತು. ಕೆಲವರು ಮಾತ್ರ ಉದ್ಯಾನದ ಕೂಲಿಯಾಳುಗಳಾಗಿ ಉಳಿದರು.

ಘೇಂಡಾಮೃಗಕ್ಕೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಕ್ಕಲೆಬ್ಬಿಸಿ ಖಾಲಿ ಮಾಡಿದ ನೆಲವನ್ನು ಮೊದಲಿನಿಂದಲೂ ಖಾಲಿಯಾಗಿತ್ತು ಎನ್ನುವುದು ಸುಳ್ಳು. ಹಾಯೋಮರು ಇಟ್ಟ ಹೆಸರುಗಳನ್ನು ನಕ್ಷೆಯಲ್ಲಿ ಬರೆದರಷ್ಟೇ ಸಾಲದು. ಪ್ರವಾಸಿ ಕೊಡುವ ಹಣದಲ್ಲೂ, ಉದ್ಯಾನದ ತೀರ್ಮಾನಗಳಲ್ಲೂ ಅವರಿಗೆ ಪಾಲು ಸಿಗಬೇಕು.