ಕಟ್ಟಿದ ಪರೀಕ್ಷಾಲಯಕ್ಕೆ ಬೀಗ ಬೀಳಬಾರದು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು. ಅದು ಯಾವ ರೋಗವೆಂದು ಗುರುತಿಸಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರು. 63 ವರ್ಷಗಳ ನಂತರ, 2020ರ ಜನವರಿಯಲ್ಲಿ ಕೋವಿಡ್ ಕಾಲಿಟ್ಟಾಗ, ಅದನ್ನು ಪತ್ತೆಮಾಡಲು ಇಡೀ ದೇಶಕ್ಕೆ ಇದ್ದದ್ದೂ ಪುಣೆಯ ಅದೇ ಸಂಸ್ಥೆ ಒಂದೇ. ಇಷ್ಟು ವರ್ಷ ನಮ್ಮನ್ನಾಳಿದವರು ಏನು ಮಾಡುತ್ತಿದ್ದರು?

ಅದರ ಫಲ ಕಣ್ಣಮುಂದಿದೆ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ರೋಗ ಇದ್ದದ್ದು ಖಚಿತವಾದದ್ದು ಮಾರ್ಚ್ 12ರಂದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ಇಂಥದ್ದಕ್ಕೇ ಹುಟ್ಟಿದ್ದು.

ಆದರೆ ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಅದೇ ವರ್ಷದ ಜೂನ್ 23ರ ಹೊತ್ತಿಗೆ ದೇಶದಲ್ಲಿ 1,000 ಪರೀಕ್ಷಾಲಯಗಳಾದವು. ಅವುಗಳಲ್ಲಿ 730 ಸರಕಾರದವು. ವರ್ಷ ತುಂಬುವಷ್ಟರಲ್ಲಿ ಸಂಖ್ಯೆ 2,000 ದಾಟಿತು. ಬೆಂಗಳೂರಿನ ದಾರಿ ಕಾಯುತ್ತಿದ್ದ ಜಿಲ್ಲೆಗಳಿಗೂ ಯಂತ್ರ ಬಂತು. ಮೈತುಂಬ ಮುಸುಕು ಹೊದ್ದು ಹಗಲಿರುಳು ದುಡಿದ ತಂತ್ರಜ್ಞರಿಗೆ ನಮ್ಮ ವಂದನೆ. ಹಣವಿಲ್ಲ, ಜನವಿಲ್ಲ, ಆಗುವುದಿಲ್ಲ ಎಂದು ದಶಕಗಳ ಕಾಲ ಕೇಳಿದ ನೆಪವೆಲ್ಲ ಹನ್ನೆರಡು ತಿಂಗಳಲ್ಲಿ ಸುಳ್ಳಾಯಿತು.

ಸರಕಾರಿ ಪರೀಕ್ಷಾಲಯ ಯಾಕೆ ಬೇಕು? ಲೆಕ್ಕ ಹಾಕೋಣ. 2020ರ ಮಾರ್ಚಿನಲ್ಲಿ ಖಾಸಗಿಯವರು ಒಂದು ಪರೀಕ್ಷೆಗೆ 4,500 ರೂಪಾಯಿವರೆಗೆ ತೆಗೆದುಕೊಳ್ಳಬಹುದೆಂದು ಕೇಂದ್ರ ಸರಕಾರ ಗೊತ್ತುಮಾಡಿತು. ತಿಂಗಳಿಗೆ 12,000 ದುಡಿಯುವ ಗಿರಣಿ ಕಾರ್ಮಿಕನಿಗೆ ಅದು ಸುಮಾರು ಹತ್ತು ದಿನದ ಕೂಲಿ. ಮನೆಯಲ್ಲಿ ನಾಲ್ವರಿದ್ದರೆ?

ಆ ಮಾರಿ ಹಿಂದೆ ಸರಿಯಿತು, ಇನ್ನು ಯಂತ್ರವೇಕೆ ಎನ್ನುವವರಿದ್ದಾರೆ. ಅವರು ಗಿರಣಿಯ ಹತ್ತಿ ದೂಳನ್ನು ಕುಡಿದವರಲ್ಲ. ನಮ್ಮವನೊಬ್ಬ ತಿಂಗಳುಗಟ್ಟಲೆ ಕೆಮ್ಮಿದರೆ ಅದು ದೂಳಿನ ಕೆಮ್ಮೋ ಕ್ಷಯವೋ ಯಾರು ಹೇಳಬೇಕು? ಸೂಕ್ಷ್ಮದರ್ಶಕಕ್ಕೆ ಎಷ್ಟೋ ಸಲ ಕ್ಷಯ ಸಿಕ್ಕುವುದಿಲ್ಲ. ಕಫ ಬೆಳೆಸಿ ನೋಡಲು ವಾರಗಳು ಬೇಕು. ಟ್ರೂನಾಟ್ ಯಂತ್ರ ಒಂದೆರಡು ಗಂಟೆಗಳಲ್ಲಿ ಹೇಳುತ್ತದೆ. ಮೂಲತಃ ಕ್ಷಯಕ್ಕೆಂದು ಬಂದ ಆ ಯಂತ್ರವನ್ನೇ 2020ರಲ್ಲಿ ಕೋವಿಡ್‌ಗೂ ಹಚ್ಚಿದರು. ಕೋವಿಡ್‌ಗೆಂದು ಬಂದ ದೊಡ್ಡ ಯಂತ್ರಗಳಲ್ಲಿ ಡೆಂಗಿ, ಕಾಮಾಲೆಯ ವೈರಸ್ಸು, ಮಂಗನ ಕಾಯಿಲೆಗಳನ್ನೂ ಪರೀಕ್ಷಿಸಬಹುದು.

ಆದರೆ ಯಂತ್ರ ತಾನಾಗಿ ದುಡಿಯದು ಎಂಬುದು ಮಗ್ಗದ ಮುಂದೆ ನಿಂತವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ರಾಸಾಯನಿಕ ಬೇಕು, ವಿದ್ಯುತ್ತು ಬೇಕು, ಕೈ ಪಳಗಿದ ಆಳು ಬೇಕು. ಗುತ್ತಿಗೆ ಮುಗಿಯಿತೆಂದು ತಂತ್ರಜ್ಞನನ್ನು ಮನೆಗೆ ಕಳಿಸಿದ ದಿನವೇ ಯಂತ್ರ ಕಬ್ಬಿಣದ ಪೆಟ್ಟಿಗೆಯಾಗುತ್ತದೆ.

ಬಂಧುಗಳೇ, ನಾವು ಭಿಕ್ಷೆ ಬೇಡುತ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಪುಕ್ಕಟೆ ಸಿಗಬೇಕೆಂದು ಕೇಂದ್ರದ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. 12,000 ಸಂಬಳದವನ ಹೆಸರಿನಲ್ಲಿ ಇ.ಎಸ್.ಐ.ಗೆ ಕಾರ್ಮಿಕ 90, ಮಾಲೀಕ 390, ಒಟ್ಟು 480 ರೂಪಾಯಿ ತಿಂಗಳು ತಿಂಗಳೂ ಸಲ್ಲುತ್ತದೆ. ಸಣ್ಣ ಅಂಗಡಿಕಾರನಿಗಂತೂ ಇ.ಎಸ್.ಐ. ಕೂಡ ಇಲ್ಲ, ಬಾಗಿಲು ಮುಚ್ಚಿ ಹೋದ ದಿನದ ವ್ಯಾಪಾರ ಹೋಯಿತು. ಅವನಿಗೆ ಊರ ಸರಕಾರಿ ಆಸ್ಪತ್ರೆಯೇ ಗತಿ.

ಆದ್ದರಿಂದ ನಮ್ಮ ಬೇಡಿಕೆ ಮೂರು. ತಂತ್ರಜ್ಞರ ಕೆಲಸ ಖಾಯಂ ಆಗಲಿ. ಸಿಗುವ ಪರೀಕ್ಷೆಗಳ ಪಟ್ಟಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ತೂಗುಹಾಕಲಿ. ಪಾಳಿ ಮುಗಿಸಿ ಬರುವವರಿಗಾಗಿ ಸಂಜೆಯೂ ಮಾದರಿ ತೆಗೆದುಕೊಳ್ಳಲಿ.

ಒಂದು ಕೆಲಸ ನಿಮ್ಮದು. ಸರಕಾರಿ ಆಸ್ಪತ್ರೆಯಲ್ಲಿ ‘ಹೊರಗೆ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟರೆ ಅದನ್ನು ಎಸೆಯಬೇಡಿ. ತಾರೀಖು ಹಾಕಿ, ತೆತ್ತ ಹಣ ಬರೆದು ನಮ್ಮ ಕಚೇರಿಗೆ ತಂದುಕೊಡಿ. ಒಂದು ಚೀಟಿ ಒಬ್ಬನ ಗೋಳು. ನೂರು ಚೀಟಿ ಕೂಡಿದರೆ ಊರಿನ ಅರ್ಜಿ.