ಸೀಟಿನ ಎಣಿಕೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶವೂ ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕುಗಳೂ ಪ್ರಕಟವಾಗುವ ದಿವಸಗಳಲ್ಲಿ ಬಿ.ಸಿ.ರೋಡಿನ ಕೂಡುರಸ್ತೆಯಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ, ನಮ್ಮ ಜಿಲ್ಲೆಯಲ್ಲಿ ಜಾಣರಲ್ಲದ ಮಕ್ಕಳೇ ಹುಟ್ಟುವುದಿಲ್ಲವೆಂಬ ಭ್ರಮೆಯುಂಟಾದರೆ ಆಶ್ಚರ್ಯವಿಲ್ಲ. ಆಳೆತ್ತರದ ಫಲಕಗಳು, ಫಲಕದ ತುಂಬ ಮಕ್ಕಳ ಭಾವಚಿತ್ರಗಳು, ಚಿತ್ರದ ಕೆಳಗೆ ಅಂಕ, ರ‍್ಯಾಂಕು. ಮೂಡುಬಿದಿರೆಯ ದಾರಿಯಲ್ಲಿಯೂ ಬೆಳ್ತಂಗಡಿಯ ಪೇಟೆಯಲ್ಲಿಯೂ ಇದೇ ನೋಟ. ಪದವಿಪೂರ್ವ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ರಾಜ್ಯದ ಮೇಲ್ಪಂಕ್ತಿಯಲ್ಲಿ ಇದ್ದುಕೊಂಡು ಬಂದಿರುವುದು ನಿಜ, ಅದು ನಮಗೆ ಸಂತೋಷದ ಸಂಗತಿಯೂ ಹೌದು. ಆದರೆ ಆ ಫಲಕವನ್ನು ತಲೆಯೆತ್ತಿ ನೋಡುತ್ತ ನಿಂತ ಅಡಿಕೆ ತೋಟದ ಒಕ್ಕಲಿಗನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೊಂದು. "ನನ್ನ ಮಗಳಿಗೆ ಸೀಟು ಸಿಕ್ಕೀತೇ?"

ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳುವವರು ಅವನಿಗೆ ದೊರೆಯುವುದಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ಒಬ್ಬರು ಒಂದು ಹೇಳುತ್ತಾರೆ, ಸಹಕಾರಿ ಸಂಘದ ಜಗಲಿಯಲ್ಲಿ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಅಂದಾಜು ತಪ್ಪಿದರೆ ಆಗುವ ಹಾನಿಯಾದರೋ ಸಾಮಾನ್ಯವಾದುದಲ್ಲ. ಆಸೆಯನ್ನು ಅತಿಯಾಗಿ ಹಚ್ಚಿಕೊಂಡವನು ತೋಟವನ್ನು ಅಡವಿಡುತ್ತಾನೆ. ಧೈರ್ಯ ಸಾಲದವನು ತನಗೆ ಸಲ್ಲಬೇಕಾದುದನ್ನು ಕೇಳದೆಯೇ ಬಿಟ್ಟುಕೊಡುತ್ತಾನೆ. ಪಾಠಶಾಲೆಯಿಂದ ಮೆಟ್ರಿಕ್ಯುಲೇಶನ್ನಿಗೆ ಬಂದು ಅಲ್ಲಿಗೇ ಓದನ್ನು ನಿಲ್ಲಿಸಿದ ನಾವು ಈ ವಿಷಯವಾಗಿ ಬರೆಯುವುದು ಉದ್ಧಟತನವೆಂದು ಕೆಲವರು ಎಣಿಸಬಹುದು. ಕೂಡಿಸುವ ಕಳೆಯುವ ಲೆಕ್ಕ ನಮಗೂ ಬರುತ್ತದೆಂಬುದಷ್ಟೇ ನಮ್ಮ ಸಮಾಧಾನ.

ಮೊದಲು ಫಲಕದ ಲೆಕ್ಕ. ಇಂತಿಷ್ಟು ಮಕ್ಕಳಿಗೆ ವೈದ್ಯಕೀಯ ಸೀಟು ದೊರೆಯಿತೆಂದು ಒಂದು ವಿದ್ಯಾಸಂಸ್ಥೆ ಸಾರಿದರೆ, ಅದು ಭಿನ್ನರಾಶಿಯ ಮೇಲಿನ ಅಂಕಿ ಮಾತ್ರ. ಕೆಳಗಿನ ಅಂಕಿ ಎಲ್ಲಿ? ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ? ಅವರಲ್ಲಿ ಎರಡನೆಯ ಬಾರಿ, ಮೂರನೆಯ ಬಾರಿ ಬರೆದವರೆಷ್ಟು? ಹತ್ತನೆಯ ತರಗತಿಯಲ್ಲಿ ನೂರಕ್ಕೆ ತೊಂಬತ್ತೈದು ಅಂಕ ತಂದವರನ್ನೇ ಆರಿಸಿ ಸೇರಿಸಿಕೊಂಡು, ಎರಡು ವರ್ಷದ ಮೇಲೆ ಅವರು ಜಾಣರೆಂದು ತೋರಿಸಿದರೆ ಅದರಲ್ಲಿ ಬೋಧನೆಯ ಪಾಲೆಷ್ಟು, ಆಯ್ಕೆಯ ಪಾಲೆಷ್ಟು? ಸಾವಿರ ಮಂದಿಯಲ್ಲಿ ಅರುವತ್ತು ಮಂದಿಗೆ ಸೀಟು ಸಿಕ್ಕಿದ ಕಡೆಗಿಂತ ನೂರು ಮಂದಿಯಲ್ಲಿ ಹತ್ತು ಮಂದಿಗೆ ಸಿಕ್ಕಿದ ಕಡೆ ಒಬ್ಬ ಸಾಧಾರಣ ವಿದ್ಯಾರ್ಥಿಗೆ ಹೆಚ್ಚು ಭರವಸೆಯಿದೆ. ಆದರೆ ಫಲಕದ ಮೇಲೆ ಅರುವತ್ತು ಮುಖಗಳೇ ಹೆಚ್ಚು ಶೋಭಿಸುತ್ತವೆ. ಈ ಮಾತು ಯಾವುದೊಂದು ಸಂಸ್ಥೆಯನ್ನು ಕುರಿತದ್ದಲ್ಲ. ಮೂಡುಬಿದಿರೆ, ಉಜಿರೆಗಳ ವಿದ್ಯಾಸಂಸ್ಥೆಗಳು ನಾಡಿಗೆ ಮಾಡಿರುವ ಉಪಕಾರವನ್ನು ಅಲ್ಲಗಳೆಯುವವರಿಲ್ಲ. ಮೂಡುಬಿದಿರೆಯ ಆಳ್ವರ ಕನ್ನಡ ಮಾಧ್ಯಮ ಶಾಲೆಯಲ್ಲಿ ಪ್ರವೇಶ ಪರೀಕ್ಷೆಯಿಂದ ಆಯ್ದ ಮಕ್ಕಳಿಗೆ ಉಚಿತವಾಗಿ ವಿದ್ಯೆ ದೊರೆಯುತ್ತಿರುವುದನ್ನು ನಾವು ಬಲ್ಲೆವು. ಉಪಕಾರ ಬೇರೆ, ಜಾಹೀರಾತು ಬೇರೆ.

ಆಯ್ಕೆಯ ಈ ತೊಡಕು ಇಂದಿನದಲ್ಲ. ನಮ್ಮ ಜಿಲ್ಲೆಯು ಮದರಾಸಿಗೆ ಸೇರಿದ್ದ ಕಾಲದಲ್ಲಿ ಇಡೀ ಆ ರಾಜ್ಯದ ನಾಲ್ಕು ವೈದ್ಯಕೀಯ ಕಾಲೇಜುಗಳಲ್ಲಿ ಇದ್ದ ಸೀಟುಗಳು 330. ಹೊರ ರಾಜ್ಯದವರಿಗೆ 17, ಸರಕಾರದ ವಿವೇಚನೆಗೆ 12 ತೆಗೆದಿಟ್ಟು ಮಿಕ್ಕವನ್ನು ಜಿಲ್ಲೆಗಳ ನಾಲ್ಕು ಗುಂಪುಗಳಿಗೆ ಹಂಚಿ, ಪ್ರತಿ ಹದಿನಾಲ್ಕು ಸೀಟುಗಳನ್ನು ಬ್ರಾಹ್ಮಣೇತರ ಹಿಂದುಗಳಿಗೆ ಆರು, ಹಿಂದುಳಿದ ಹಿಂದುಗಳಿಗೆ ಎರಡು, ಬ್ರಾಹ್ಮಣರಿಗೆ ಎರಡು, ಹರಿಜನರಿಗೆ ಎರಡು, ಕ್ರೈಸ್ತರಿಗೂ ಆಂಗ್ಲೋ-ಇಂಡಿಯನ್ನರಿಗೂ ಕೂಡಿ ಒಂದು, ಮುಸಲ್ಮಾನರಿಗೆ ಒಂದು ಎಂದು ವಿಂಗಡಿಸುತ್ತಿದ್ದರು. 1951ರಲ್ಲಿ ಸುಪ್ರೀಂ ಕೋರ್ಟು ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ಬಂದು ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸಲು ಸರಕಾರಗಳಿಗೆ ಅಧಿಕಾರ ದೊರೆಯಿತು. 1956ರಲ್ಲಿ ನಾವು ಮೈಸೂರಿಗೆ ಸೇರಿದೆವು. ಮೈಸೂರು ಸರಕಾರವು ನೂರಕ್ಕೆ ಅರುವತ್ತೆಂಟರಷ್ಟು ಸೀಟುಗಳನ್ನು ಕಾದಿರಿಸಿದ್ದನ್ನು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಒಪ್ಪಲಿಲ್ಲ. ತರುವಾಯ ಡೊನೇಶನ್ನಿನ ಕಾಲ ಬಂದಿತು. ಆ ಕಾಲದ ಕಥೆ ಇಲ್ಲಿ ಬೇಡ. 1993ರ ಉನ್ನಿಕೃಷ್ಣನ್ ತೀರ್ಪಿನ ಹಿಂದೆಯೇ, 1994ರಲ್ಲಿ, ನಮ್ಮ ರಾಜ್ಯದ ಸಿ.ಇ.ಟಿ. ವ್ಯವಸ್ಥೆ ನೆಲೆಗೊಂಡಿತು. 2002ರಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠವು ಖಾಸಗಿ ಕಾಲೇಜುಗಳ ಹಕ್ಕನ್ನು ವಿವರಿಸಿದ ಮೊಕದ್ದಮೆಗೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಇದೆ. ಆ ಹಳೆಯ ಹದಿನಾಲ್ಕರ ಪಟ್ಟಿಯನ್ನು ನಾವು ಹೊಗಳುತ್ತಿಲ್ಲ. ಆದರೆ ಅದನ್ನು ಓದಿದ ಹುಡುಗನಿಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಬೆರಳೆಣಿಕೆಯಲ್ಲಿ ತಿಳಿಯುತ್ತಿತ್ತು. ಇಂದಿನ ಏರ್ಪಾಡು ಅದಕ್ಕಿಂತ ನ್ಯಾಯವಾದುದು, ಅದಕ್ಕಿಂತ ಬಹಳ ಜಟಿಲವಾದುದೂ ಹೌದು.

ಜಟಿಲತೆಯಿಂದ ಹುಟ್ಟುವ ಮೊದಲನೆಯ ತಪ್ಪು ಅಂಕವನ್ನು ಅಂಕಕ್ಕೆ ಹೋಲಿಸುವುದು. "ಕಳೆದ ವರ್ಷ ನೆರೆಮನೆಯ ಹುಡುಗನಿಗೆ ಇಷ್ಟು ಅಂಕಕ್ಕೆ ಸಿಕ್ಕಿತು, ನಮ್ಮವನಿಗೂ ಸಿಕ್ಕಬೇಕು" ಎನ್ನುವರು. 2024ರ ನೀಟ್ ಪರೀಕ್ಷೆಯಲ್ಲಿ 720ಕ್ಕೆ 720 ಅಂಕ ಪಡೆದವರು ಮೊದಲು 67 ಮಂದಿ, ಫಲಿತಾಂಶ ತಿದ್ದಿದ ಮೇಲೆ 17 ಮಂದಿ. ಮರುವರ್ಷ, 2025ರಲ್ಲಿ, ದೇಶಕ್ಕೇ ಮೊದಲಿಗನಾದವನ ಅಂಕ 686. ಪ್ರಶ್ನೆಪತ್ರಿಕೆ ಸುಲಭವಾದ ವರ್ಷದ ಅಂಕಕ್ಕೂ ಕಠಿನವಾದ ವರ್ಷದ ಅಂಕಕ್ಕೂ ಒಂದೇ ಬೆಲೆ ಕಟ್ಟುವುದು ಸೇರನ್ನೂ ಪಾವನ್ನೂ ಒಂದೆಂದ ಹಾಗೆ. 2024ರ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. 2022ರಲ್ಲಿ ಹೈಕೋರ್ಟಿನ ತೀರ್ಪಿನ ತರುವಾಯ ರ‍್ಯಾಂಕುಪಟ್ಟಿಯನ್ನೇ ಹೊಸದಾಗಿ ಹೊರಡಿಸಬೇಕಾಯಿತು. ಆದಕಾರಣ ಹೋಲಿಸುವುದಾದರೆ ರ‍್ಯಾಂಕನ್ನು ರ‍್ಯಾಂಕಿಗೆ ಹೋಲಿಸಬೇಕು. ಅದೂ ಒಂದು ವರ್ಷದ್ದು ಸಾಲದು, ಮೂರು ವರ್ಷದ್ದನ್ನು ಒಟ್ಟಿಗಿಟ್ಟು ನೋಡಬೇಕು.

ಎರಡನೆಯದು ನಮ್ಮ ಕಡೆಯವರದೇ ವಿಶೇಷವಾದ ತಪ್ಪು. ಇಂಜಿನಿಯರಿಂಗಿನ ರ‍್ಯಾಂಕಿಗೆ ಪದವಿಪೂರ್ವ ಪರೀಕ್ಷೆಯ ಮೂರು ವಿಷಯಗಳ ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಅದರ ಪರಿಣಾಮವನ್ನು ಎಣಿಸುವವರು ಕಡಮೆ. ಒಬ್ಬ ಹುಡುಗ ಮೂರು ವಿಷಯಗಳಲ್ಲಿ 300ಕ್ಕೆ 270 ತಂದನೆನ್ನೋಣ; ಊರಿನಲ್ಲಿ ಸನ್ಮಾನವಾಯಿತು. ಸಿ.ಇ.ಟಿ.ಯಲ್ಲಿ 180ಕ್ಕೆ 90 ಬಂದಿತು. ಅವನ ಮೊತ್ತ 45 ಮತ್ತು 25, ಅಂದರೆ 70. ಇನ್ನೊಬ್ಬನಿಗೆ 300ಕ್ಕೆ 240. ಯಾರೂ ಹಾರ ಹಾಕಲಿಲ್ಲ. ಆದರೆ ಸಿ.ಇ.ಟಿ.ಯಲ್ಲಿ 117. ಅವನ ಮೊತ್ತ 40 ಮತ್ತು 32.5, ಒಟ್ಟು 72.5. ಹಾರ ಹಾಕಿಸಿಕೊಂಡವನು ಹಿಂದೆ ಬಿದ್ದನು. ತಪ್ಪು ಉತ್ತರಕ್ಕೆ ಅಂಕ ಕಳೆಯದ ಸಿ.ಇ.ಟಿ.ಯಲ್ಲಿ ಪ್ರಶ್ನೆಯನ್ನು ಬಿಟ್ಟು ಬರುವ ಮಕ್ಕಳು ಈಗಲೂ ಇದ್ದಾರೆಂದು ಅಧ್ಯಾಪಕ ಮಿತ್ರರೊಬ್ಬರು ನಮಗೆ ಹೇಳಿದರು. ನೀಟ್ ಪರೀಕ್ಷೆಯಲ್ಲಿ ಮಾತ್ರ ಸರಿಗೆ ನಾಲ್ಕು ಕೂಡುವುದು, ತಪ್ಪಿಗೆ ಒಂದು ಕಳೆಯುವುದು.

ಇನ್ನು ಸಂಕೇತಾಕ್ಷರಗಳ ವಿಷಯ. ಪರೀಕ್ಷಾ ಪ್ರಾಧಿಕಾರವು ಪ್ರತಿ ವರ್ಷವೂ ಪ್ರತಿ ಸುತ್ತಿನ ತರುವಾಯ ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಯಾವ ವರ್ಗಕ್ಕೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಇದು ಯಾರು ಬೇಕಾದರೂ ನೋಡಬಹುದಾದ ಅಮೂಲ್ಯ ದಾಖಲೆ. ಆದರೆ ಅದರ ತಲೆಬರಹದಲ್ಲಿ ಜಿ.ಎಂ., ಜಿ.ಎಂ.ಆರ್., ಜಿ.ಎಂ.ಕೆ., 2ಎ.ಜಿ., 2ಎ.ಆರ್., 2ಎ.ಕೆ. ಎಂದು ಇಂಗ್ಲಿಷಿನ ಮೊಟಕಕ್ಷರಗಳ ಸಾಲು. 'ಆರ್' ಎಂದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಗಳಲ್ಲಿ ಓದಿದವರು, ಅವರಿಗೆ ಪ್ರತಿ ವರ್ಗದೊಳಗೂ ನೂರಕ್ಕೆ 15. 'ಕೆ' ಎಂದರೆ ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು, ಅವರಿಗೆ ನೂರಕ್ಕೆ 5. ಇಲ್ಲಿ ಗಣನೆಗೆ ಬರುವುದು ಶಾಲೆಯಿರುವ ಸ್ಥಳ, ಮನೆಯಿರುವ ಸ್ಥಳವಲ್ಲ. ಬಂಟ್ವಾಳದಲ್ಲಿಯೂ ಮೂಡುಬಿದಿರೆಯಲ್ಲಿಯೂ ಪುರಸಭೆಯಿದೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯಿತಿಯಿದೆ. ಹಳ್ಳಿಯಲ್ಲಿ ಮನೆಯಿದ್ದು ಪೇಟೆಯ ಇಂಗ್ಲಿಷ್ ಶಾಲೆಗೆ ಮಗುವನ್ನು ಬಸ್ಸು ಹತ್ತಿಸಿದ ತಂದೆಯು 'ಆರ್' ಅನ್ನೂ 'ಕೆ'ಯನ್ನೂ ಒಮ್ಮೆಗೇ ಕಳೆದುಕೊಂಡನು. ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆ, ಎಂಟಕ್ಕೆ ಇಂಗ್ಲಿಷ್ ಎಂದು ಬದಲಾಯಿಸಿದವನಿಗೂ 'ಕೆ' ಇಲ್ಲ. ಇದನ್ನು ತಿಳಿದು ಬಿಟ್ಟುಕೊಟ್ಟವರು ಬಹಳ ಕಡಮೆ. ತಿಳಿಯದೆ ಕಳೆದುಕೊಂಡವರೇ ಹೆಚ್ಚು.

ಹಾಗೆಂದು ಈ ಅಕ್ಷರಗಳ ಮೇಲೆ ಅತಿಯಾದ ಭರವಸೆಯೂ ಸಲ್ಲದು. ಒಂದು ವಿಭಾಗದಲ್ಲಿ ನೂರು ಸೀಟುಗಳಿದ್ದರೆ 2ಎ ವರ್ಗದ ಪಾಲು 15. ಆ ಹದಿನೈದರಲ್ಲಿ ಗ್ರಾಮಾಂತರದವರಿಗೆ ಎರಡು, ಕನ್ನಡ ಮಾಧ್ಯಮದವರಿಗೆ ಒಂದು. ಒಂದೇ ಸೀಟಿರುವ ಕಡೆ ಕಳೆದ ವರ್ಷದ ಕೊನೆಯ ರ‍್ಯಾಂಕೆಂಬುದು ಒಬ್ಬನೇ ಒಬ್ಬ ವಿದ್ಯಾರ್ಥಿಯ ರ‍್ಯಾಂಕು. ಅವನು ಆ ಕಾಲೇಜನ್ನು ಬರೆಯದೆ ಹೋಗಿದ್ದರೆ ಆ ಅಂಕಿಯೇ ಬೇರೆಯಾಗುತ್ತಿತ್ತು. ಅಂಥ ಅಂಕಿಯನ್ನು ನಂಬಿ ಕುಳಿತುಕೊಳ್ಳುವುದೂ ತಪ್ಪು, ಅದಕ್ಕೆ ಹೆದರಿ ಹಿಂಜರಿಯುವುದೂ ತಪ್ಪು.

ವೈದ್ಯಕೀಯದ ಎಣಿಕೆಯಲ್ಲಿ ನಮ್ಮವರಿಗೆ ಇನ್ನೊಂದು ಮೋಸ ಕಾದಿದೆ. ಅದು ಕಣ್ಣಿನ ಮೋಸ. ಮಂಗಳೂರಿಗೆ ಹೋಗಿ ಬರುವವರಿಗೆ ಸುತ್ತಲೂ ವೈದ್ಯಕೀಯ ಕಾಲೇಜುಗಳೇ ಕಾಣುತ್ತವೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಈ ಕರಾವಳಿಯಲ್ಲಿ ವೈದ್ಯವಿದ್ಯೆ ಬೆಳೆದದ್ದು ಖಾಸಗಿಯವರ ಕೈಯಲ್ಲಿ. ಅವುಗಳಲ್ಲಿ ಕಸ್ತೂರ್ಬಾ, ಯೆನೆಪೋಯ, ಕೆ.ಎಸ್. ಹೆಗ್ಡೆ ಇವು ಡೀಮ್ಡ್ ವಿಶ್ವವಿದ್ಯಾನಿಲಯಗಳಿಗೆ ಸೇರಿದವು. ಅವುಗಳ ಸೀಟು ಹಂಚಿಕೆ ದಿಲ್ಲಿಯ ಸಮಿತಿಯಿಂದ, ದೇಶದ ಎಲ್ಲ ಕಡೆಯ ಅಭ್ಯರ್ಥಿಗಳ ನಡುವೆ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿದೆ ಎಂಬ ಕಾರಣಕ್ಕೆ ಬಂಟ್ವಾಳದ ಹುಡುಗಿಗೆ ಅಲ್ಲಿ ಎಳ್ಳಷ್ಟೂ ಹೆಚ್ಚಿನ ಹಕ್ಕಿಲ್ಲ, ಸರಕಾರಿ ಶುಲ್ಕವೂ ಇಲ್ಲ. ಅವಳ ನಿಜವಾದ ಎಣಿಕೆ ಇರಬೇಕಾದುದು ರಾಜ್ಯದ ಸರಕಾರಿ ಕಾಲೇಜುಗಳ ನೂರಕ್ಕೆ 85ರ ಪಾಲಿನಲ್ಲಿ, ಮತ್ತು ಉಳಿದ ಖಾಸಗಿ ಕಾಲೇಜುಗಳ ಸರಕಾರಿ ಕೋಟಾದಲ್ಲಿ. ಅದಕ್ಕಾಗಿ ಹಾಸನಕ್ಕೋ ಶಿವಮೊಗ್ಗಕ್ಕೋ ಕಾರವಾರಕ್ಕೋ ಹೋಗಲು ಮನಸ್ಸು ಗಟ್ಟಿಯಾಗಿರಬೇಕು. ಸುರತ್ಕಲ್ಲಿನ ಮಾತು ಬೇರೆ. 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ಎನ್.ಐ.ಟಿ.ಯಾದ ಅಲ್ಲಿ ಅರ್ಧದಷ್ಟು ಸೀಟುಗಳು ನಮ್ಮ ರಾಜ್ಯದವರಿಗೇ ಇವೆ. ಆದರೆ ಅದರ ಬಾಗಿಲು ಸಿ.ಇ.ಟಿ.ಯಲ್ಲ, ಜೆ.ಇ.ಇ. ಮೈನ್. ನೀಟ್ ಪರೀಕ್ಷೆಯನ್ನು 2017ರಿಂದ, ಜೆ.ಇ.ಇ. ಮೈನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದು, ಐ.ಐ.ಟಿ.ಗಳ ಜೆ.ಇ.ಇ. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಗಳಲ್ಲಿಯೇ ನಡೆಯುತ್ತದೆ. ನಮ್ಮ ಪದವಿಪೂರ್ವ ವಿಜ್ಞಾನದ ಬೋಧನೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿರುವಾಗ, ಎರಡು ವರ್ಷ ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ಮೂರು ಗಂಟೆ ಕನ್ನಡದಲ್ಲಿ ಬರೆಯೆಂದು ಹೇಳುವ ಔದಾರ್ಯದಿಂದ ಹಳ್ಳಿಯ ಮಕ್ಕಳಿಗೆ ಆದ ಉಪಯೋಗವೇನೆಂದು ಕನ್ನಡದ ಹೆಸರಿನಲ್ಲಿ ಭಾಷಣ ಮಾಡುವ ಮಹಾಶಯರು ಯೋಚಿಸಬೇಕು.

ಈ ಲೇಖನವನ್ನು ನಾವು ಬರೆಯಲು ಕಾರಣವಾದ ಸಂಗತಿಯನ್ನು ಈಗ ಹೇಳಬಹುದು. ಬೆಳ್ತಂಗಡಿ ತಾಲೂಕಿನ ಒಳನಾಡಿನ ಒಬ್ಬ ಹುಡುಗಿ. ಬೀಡಿ ಕಟ್ಟಿ ಓದಿಸಿದ ತಾಯಿ. ಹತ್ತು ವರ್ಷವೂ ಹಳ್ಳಿಯ ಕನ್ನಡ ಶಾಲೆ. ಒಳ್ಳೆಯ ರ‍್ಯಾಂಕೇ ಬಂದಿತ್ತು. ಕಾಲೇಜುಗಳ ಆಯ್ಕೆಯನ್ನು ನಮೂದಿಸುವಾಗ "ಬೆಂಗಳೂರಿನ ದೊಡ್ಡ ಕಾಲೇಜುಗಳು ನಮ್ಮಂಥವರಿಗಲ್ಲ" ಎಂದು ಯಾರೋ ಹೇಳಿದರಂತೆ. ಅವಳು ಬರೆದದ್ದು ಹತ್ತಿರದ ನಾಲ್ಕೇ ಕಾಲೇಜು. ಮೊದಲನೆಯದೇ ಸಿಕ್ಕಿತು, ಸಂತೋಷಪಟ್ಟು ಸೇರಿದಳು. ಕೊನೆಯ ರ‍್ಯಾಂಕುಗಳ ಪಟ್ಟಿಯನ್ನು ಆಮೇಲೆ ನಾವು ಕುಳಿತು ನೋಡಿದಾಗ, ಅವಳು ಕೇಳಲು ಹೆದರಿದ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅವಳಿಗಿಂತ ಹಿಂದಿನ ರ‍್ಯಾಂಕಿನವರಿಗೆ ಅವಳದೇ ವರ್ಗದಲ್ಲಿ ಸೀಟು ಹೋಗಿತ್ತು. ಹತ್ತಿರದ ಕಾಲೇಜು ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಬೆಂಜನಪದವು, ಮಿಜಾರು, ಉಜಿರೆಗಳಲ್ಲಿ 2001ರಿಂದೀಚೆಗೆ ಎದ್ದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮನೆಯಿಂದಲೇ ಹೋಗಿ ಓದಿ ಮುಂದೆ ಬಂದವರನ್ನು ನಾವು ಬಲ್ಲೆವು. ತಿಳಿದು ಹತ್ತಿರವನ್ನು ಆರಿಸಿಕೊಂಡಿದ್ದರೆ ನಮಗೆ ಹೇಳಲು ಏನೂ ಇರುತ್ತಿರಲಿಲ್ಲ. ಅವಳು ಆರಿಸಿಕೊಳ್ಳಲಿಲ್ಲ, ಹೆದರಿದಳು.

ಹೆದರಬೇಕಾದ ಕಾರಣವೇ ಇರಲಿಲ್ಲವೆಂಬುದು ನಮಗೆ ಹೆಚ್ಚಿನ ವ್ಯಥೆ. ಸಿ.ಇ.ಟಿ.ಯ ಹಂಚಿಕೆಯಲ್ಲಿ ಮೇಲಿನ ಕಾಲೇಜನ್ನು ಮೊದಲು ಬರೆದದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಯಂತ್ರವು ರ‍್ಯಾಂಕಿನ ಸರದಿಯಂತೆ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ಮೊದಲು ದೊರೆಯುವುದನ್ನು ಕೊಡುತ್ತದೆ. ಆಸೆಯ ಸರದಿಯಲ್ಲಿ ಬರೆಯಬೇಕು, ಎಷ್ಟು ಬೇಕಾದರೂ ಬರೆಯಬಹುದು. ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದರಲ್ಲಿ ಬಂದ ಸೀಟು ಸೀಟಲ್ಲ, ಆದರೆ ತಾನು ನಿಂತ ಜಾಗ ಯಾವುದೆಂದು ತಿಳಿಸುವ ಕೈಕಂಬ. ಅದನ್ನು ನೋಡಿ ಪಟ್ಟಿಯನ್ನು ತಿದ್ದಲು ಅವಕಾಶವಿದೆ. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೂ, ಅದನ್ನು ಹಿಡಿದುಕೊಂಡೇ ಇನ್ನೂ ಮೇಲಿನದಕ್ಕೆ ಕಾಯುವ ಎರಡನೆಯ ಆಯ್ಕೆ ಇದೆ. ಮೇಲಿನದು ಬಂದರೆ ಮಾತ್ರ ಹಿಡಿದದ್ದು ಬಿಟ್ಟುಹೋಗುತ್ತದೆ. ಇಷ್ಟು ಸೌಕರ್ಯವಿದ್ದೂ ಸುತ್ತುಗಳು ಮುಗಿಯುವ ಮೊದಲೇ "ಈಗ ಕಟ್ಟದಿದ್ದರೆ ಸೀಟು ಹೋಗುತ್ತದೆ" ಎಂಬ ಮಧ್ಯಸ್ಥರ ಮಾತಿಗೆ ಮರುಳಾಗಿ ಆಡಳಿತ ಕೋಟಾದಲ್ಲಿ ಲಕ್ಷಗಟ್ಟಲೆ ಹಣ ತೆರುವ ತಂದೆಗಳಿದ್ದಾರೆ.

ಪ್ರಾಧಿಕಾರದವರಲ್ಲಿ ನಮ್ಮ ಬಿನ್ನಹ ಇಷ್ಟು. ಕೊನೆಯ ರ‍್ಯಾಂಕುಗಳ ಪಟ್ಟಿಯನ್ನು ಮೂರು ವರ್ಷದ್ದು ಒಟ್ಟಾಗಿ, ಜಿಲ್ಲಾವಾರು, ತಿಳಿಗನ್ನಡದ ತಲೆಬರಹದೊಡನೆ, ಪ್ರತಿ ವರ್ಗದಲ್ಲಿದ್ದ ಸೀಟುಗಳ ಸಂಖ್ಯೆಯನ್ನೂ ಸೇರಿಸಿ ಅಚ್ಚು ಹಾಕಿಸಿ ಪ್ರತಿ ಸರಕಾರಿ ಪದವಿಪೂರ್ವ ಕಾಲೇಜಿಗೂ ಕಳುಹಿಸಲಿ. ಪದವಿಪೂರ್ವ ಇಲಾಖೆಯವರು, ಸೀಟುಗಳ ಸಂಖ್ಯೆಯನ್ನು ಜಾಹೀರು ಮಾಡುವ ಪ್ರತಿಯೊಂದು ಸಂಸ್ಥೆಯೂ ಪರೀಕ್ಷೆಗೆ ಕುಳಿತವರ ಸಂಖ್ಯೆಯನ್ನು ಅದೇ ಗಾತ್ರದ ಅಕ್ಷರಗಳಲ್ಲಿ ಬರೆಯತಕ್ಕದ್ದೆಂದು ವಿಧಿಸಲಿ. ಸಂಸ್ಥೆಗಳ ಮುಖ್ಯಸ್ಥರು ಆಜ್ಞೆಗೆ ಕಾಯದೆ ತಾವಾಗಿಯೇ ಹಾಗೆ ಮಾಡಿದರೆ ಅವರ ಗೌರವ ಹೆಚ್ಚುವುದು.

ಮೂರೂ ಊರುಗಳ ಅಧ್ಯಾಪಕರಲ್ಲಿ ಒಂದು ಮಾತು. ಅಣಕು ಹಂಚಿಕೆಗೂ ಪಟ್ಟಿಯನ್ನು ತಿದ್ದುವ ಕೊನೆಯ ಗಳಿಗೆಗೂ ನಡುವೆ ಇರುವುದು ಕೆಲವೇ ದಿವಸಗಳು. ಆ ದಿವಸಗಳ ಸಂಜೆ ಬಿ.ಸಿ.ರೋಡಿನಲ್ಲಿ, ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯಲ್ಲಿ ಒಂದೊಂದು ಸರಕಾರಿ ಕಾಲೇಜಿನ ಕೋಣೆಯನ್ನು ತೆರೆದಿಟ್ಟು, ಇಬ್ಬಿಬ್ಬರು ಕುಳಿತು, ಬಂದ ಮಕ್ಕಳ ಪಟ್ಟಿಯನ್ನು ನೋಡಿಕೊಡಲು ಒಪ್ಪುವವರು ನಮ್ಮ ಕಾರ್ಯಾಲಯಕ್ಕೆ ಒಂದು ಕಾರ್ಡು ಬರೆದರೆ, ಅವರು ಕುಳಿತುಕೊಳ್ಳುವ ಸ್ಥಳವನ್ನೂ ವೇಳೆಯನ್ನೂ ನಾವು ಪುಕ್ಕಟೆಯಾಗಿ ಪ್ರಕಟಿಸುವೆವು.